ಕಪ್ಪು ಸಮುದ್ರದ ಗಾಳಿ, ಬ್ಯಾಡಗಿಯ ಎದೆ

ನಮ್ಮ ಮನೆಯವರು ಇಪ್ಪತ್ತೊಂಬತ್ತು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಮಾಲು ನೋಡುವ ಕೆಲಸ ಮಾಡಿದರು. ಒಂದು ದಲಾಲಿ ಅಂಗಡಿಯವರು ಅವರನ್ನು ಅದಕ್ಕೆಂದೇ ಇಟ್ಟುಕೊಂಡಿದ್ದರು. ಚೀಲದ ಬಾಯಿ ಬಿಚ್ಚಿ, ಮೊಳಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಎರಡು ಕಾಯಿ ಮುರಿದು, ಮೂಗಿಗೆ ಹಿಡಿದು ಉಸಿರೆಳೆಯುವುದು. ಎಷ್ಟು ಒಣಗಿದೆ, ತೂಕಕ್ಕೆಂದು ನೀರು ಹೊಡೆದಿದ್ದಾರೋ ಇಲ್ಲವೋ, ಬಣ್ಣ ಎಷ್ಟು ದಿನ ನಿಂತೀತು, ಎಲ್ಲವೂ ಆ ಒಂದು ಉಸಿರಿನಲ್ಲಿ ಅವರಿಗೆ ತಿಳಿಯುತ್ತಿತ್ತು. ದಿನಕ್ಕೆ ಅಂಥ ಉಸಿರು ಎಷ್ಟು ನೂರೋ. ಕಡೆಗೆ ಆ ಉಸಿರೇ ಅವರಿಗೆ ಸಾಲದಾಯಿತು.

ನಮ್ಮ ಮನೆಯ ಅಟ್ಟಕ್ಕೆ ಹದಿನಾಲ್ಕು ಮೆಟ್ಟಿಲು. ಮೊದಲು ಎರಡೆರಡು ಹಾರಿ ಹತ್ತುತ್ತಿದ್ದವರು ಆಮೇಲಾಮೇಲೆ ಆರನೆಯ ಮೆಟ್ಟಿಲಲ್ಲಿ ನಿಂತು, ಗೋಡೆಯ ಮೇಲಿನ ಸುಣ್ಣ ನೋಡುವವರಂತೆ ನಟಿಸತೊಡಗಿದರು. ನಾನೂ ನೋಡಿ ನೋಡದಂತೆ ಇರುತ್ತಿದ್ದೆ. ಹಾವೇರಿಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಬಾಯಿಗಿಟ್ಟು ಎಳೆಯುವ ಪಂಪು ಬರೆದುಕೊಟ್ಟು, "ಔಷಧ ನಾ ಕೊಡ್ತೇನ್ರಿ, ಖಾರದ ಧೂಳಿ ನೀವು ಬಿಡಬೇಕು. ಎರಡೂ ಕೂಡಿದ್ರ ಮಾತ್ರ ಎದಿ ಉಳಿತೈತಿ," ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ನನಗೆ ಹೇಳಿದ್ದು ಇಷ್ಟು:

"ಡಾಕ್ಟರಿಗೇನು, ಕುಂತಲ್ಲೇ ಹೇಳಿಬಿಡ್ತಾರ. ಬ್ಯಾಡಗ್ಯಾಗ ಇದ್ದು ಮೆಣಸಿನಕಾಯಿ ಬಿಡು ಅಂದ್ರ, ಕೆರ್‍ಯಾಗ ಇದ್ದ ಮೀನಕ್ಕ ನೀರು ಬಿಡು ಅಂದಂಗಾತು."

"ಹಂಗಾರ ಬ್ಯಾಡಗೀನ ಬಿಡೂಣು," ಎಂದೆ.

"ಹೌದೌದು. ಲಂಡನ್‍ದಾಗ ನಿನಗೊಂದು ಮನಿ ಕಟ್ಟಿಸೇನಿ ತಡಿ," ಎಂದು ನಕ್ಕರು. ನಗುವಾಗಲೇ ಕೆಮ್ಮು ಬಂತು.

ಲಂಡನ್ನಿಗೆ ಹೋಗಲಿಲ್ಲ. ಆದರೆ ಆ ವರ್ಷ ದಸರೆಗೆ ಮುಂಚೆ ನಾವಿಬ್ಬರೂ ಹೋದದ್ದು ಜಾರ್ಜಿಯಾ ಎಂಬ ದೇಶಕ್ಕೆ, ಅಲ್ಲಿನ ಬಟುಮಿ ಎಂಬ ಸಮುದ್ರ ದಂಡೆಯ ಊರಿಗೆ. ರಾಣೇಬೆನ್ನೂರಿನಲ್ಲಿರುವ ನನ್ನ ತಂಗಿಯ ಮಗಳು ಅಲ್ಲಿ ಡಾಕ್ಟರಿಕೆ ಓದುತ್ತಿದ್ದಳು, ಕೊನೆಯ ವರ್ಷ. ತಂಗಿ ಶಾಲೆಯ ಮಾಸ್ತರಿಣಿ; ಆಕೆಗೆ ರಜೆ ಸಿಗಲಿಲ್ಲ. "ಐದು ವರ್ಷ ಆತು, ಹುಡುಗಿ ಎಂಥಾ ಮನ್ಯಾಗ ಅದಾಳ, ಏನು ತಿಂತಾಳ, ಒಬ್ರೂ ಕಣ್ಣಲೆ ನೋಡಿಲ್ಲಕ್ಕಾ. ನೀನರ ಹೋಗಿ ಬಾ," ಎಂದಳು. ಹುಡುಗಿ ಫೋನಿನಲ್ಲಿ ಬೇರೆಯೇ ಹೇಳಿದಳು: "ದೊಡ್ಡವ್ವಾ, ದೊಡ್ಡಪ್ಪನ್ನ ಬಿಟ್ಟು ಬರಬ್ಯಾಡ. ಇಲ್ಲಿ ಹಿಂದಕ ಸೋವಿಯತ್ ಕಾಲದಾಗ ಎದಿ ಬ್ಯಾನಿಯವ್ರನ್ನ ಸಮುದ್ರದ ಗಾಳೀಗಂತನ ಕಳಸ್ತಿದ್ರಂತ. ಎರಡು ವಾರ ಧೂಳಿಲ್ಲದ ಗಾಳಿ ಕುಡೀಲಿ. ಆಮ್ಯಾಲ ನೋಡೂಣು."

'ಆಮೇಲೆ ನೋಡೋಣ' ಎಂಬ ಮಾತನ್ನು ನಾನು ಆಗಲೇ ಗಟ್ಟಿಯಾಗಿ ಹಿಡಿದುಕೊಂಡೆ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲು, ಗ್ಯಾಸು, ಬಾಡಿಗೆ ಬರೆಯುವ ಅಭ್ಯಾಸ ನನ್ನದು. ಆ ತಿಂಗಳ ಹಾಳೆಯನ್ನು ಹರಿದು ಚೀಲದಲ್ಲಿಟ್ಟುಕೊಂಡೆ. ದಿನಾ ಅವರ ಎದೆ ಹೇಗಿತ್ತು ಎಂದು ಬರೆಯುವುದು, ಬರೆದದ್ದನ್ನು ಅವರ ಮುಂದೆ ಹಿಡಿಯುವುದು, ಹಿಡಿದ ಮೇಲೆ ಬಿಡದಿರುವುದು ಎಂದು ನಿಶ್ಚಯಿಸಿದ್ದೆ.

ನಮ್ಮ ಕಡೆಯಿಂದ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ, ಮೆಣಸಿನಕಾಯಿ ಹೋಗುತ್ತದೆ. ಬೀಗರಿಗೆ, ಬಾಣಂತಿ ನೋಡಲು ಹೋದಲ್ಲಿಗೆ, ಬೆಂಗಳೂರಿನ ಮದುವೆಗೆ, ಎಲ್ಲಕ್ಕೂ ಒಂದು ಅರಿವೆಯ ಚೀಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿದ ಮೇಲೆ ಎರಡು ಕಿಲೋ ಕಾಯಿಯನ್ನೂ ನಾನೇ ಕಟ್ಟಿದೆ. ಹುಡುಗಿ ಬಾಡಿಗೆಗಿದ್ದ ಮನೆಯ ಒಡತಿಗೆ ಕೊಡಲೆಂದು ಅವರೇ ಆರಿಸಿ ತಂದ, 'ಡಬ್ಬಿ' ಎಂಬ ತಳಿಯ ಕಾಯಿ. ಕಪ್ಪಾಗುವಷ್ಟು ಕೆಂಪು, ಅಜ್ಜಿಯ ಕೈಯಂತೆ ಸುಕ್ಕು. ಖಾರದ ಧೂಳಿನಿಂದ ಗಂಡನನ್ನು ದೂರ ಒಯ್ಯುತ್ತಿದ್ದೇನೆ, ಜೊತೆಗೆ ಖಾರವನ್ನೂ ಕಟ್ಟುತ್ತಿದ್ದೇನೆ ಎಂಬುದು ಕಟ್ಟುವ ಕೈಗೆ ಹೊಳೆಯಲೇ ಇಲ್ಲ.

ಬೆಂಗಳೂರಿನಿಂದ ಶಾರ್ಜಾ, ಅಲ್ಲಿಂದ ಆ ದೇಶದ ರಾಜಧಾನಿ ತ್ಬಿಲಿಸಿ, ಅಲ್ಲಿಂದ ಐದು ತಾಸು ರೈಲು. ಹುಡುಗಿ ತ್ಬಿಲಿಸಿಗೇ ಬಂದು ನಮ್ಮನ್ನು ಕರೆದುಕೊಂಡಳು. ರೈಲು ಆಸ್ಪತ್ರೆಯಷ್ಟು ಸ್ವಚ್ಛ. ಒಬ್ಬರೂ ಮಾತಾಡುವವರಿಲ್ಲ. "ಚಾ ಮಾರವ ಒಬ್ಬ ಬರವಲ್ಲ, ಇದೆಂಥಾ ರೈಲವಾ?" ಎಂದು ಇವರು ಎರಡು ಸಲ ಕೇಳಿದರು. ಕಡೆಕಡೆಗೆ ಕಿಟಕಿಯಲ್ಲಿ ಸಮುದ್ರ ಬಂತು. ನಾನು ಸಮುದ್ರ ನೋಡಿದ್ದು ಮುರ್ಡೇಶ್ವರದಲ್ಲಿ ಒಮ್ಮೆ, ಗೋಕರ್ಣದಲ್ಲಿ ಒಮ್ಮೆ. ಇದು ಕಪ್ಪು ಸಮುದ್ರ ಎಂದು ಹೆಸರು, ಆದರೆ ನಾವು ಕಂಡಾಗ ನೀಲಿ ಸೀರೆಗೆ ಬಿಳಿ ದಡಿ ಹಚ್ಚಿದಂತಿತ್ತು. ಅಲೆ ಸಣ್ಣದು, ಸದ್ದು ದೊಡ್ಡದು.

ಸದ್ದು ಯಾಕೆ ದೊಡ್ಡದು ಎಂಬುದು ಮರುದಿನ ತಿಳಿಯಿತು. ಆ ದಂಡೆಯಲ್ಲಿ ಮರಳಿಲ್ಲ, ಬರೀ ಕಲ್ಲು. ಬದನೆಕಾಯಿಯಷ್ಟು, ನಿಂಬೆಯಷ್ಟು, ನುಣ್ಣಗೆ ಉರುಟಾದ ಕಲ್ಲು. ಅಲೆ ಹಿಂದೆ ಸರಿಯುವಾಗ ಅವೆಲ್ಲ ಒಂದರ ಮೇಲೊಂದು ಉರುಳಿ, ಗೋಣಿಯಿಂದ ಶೇಂಗಾ ಸುರಿದಂತೆ ಸದ್ದಾಗುತ್ತದೆ. ನಾನು ಚಪ್ಪಲಿ ಬಿಟ್ಟು, ನಿರಿಗೆ ಎತ್ತಿ ಕಟ್ಟಿ ನೀರಿಗಿಳಿಯಲು ಹೋಗಿ, ಕೆಂಡ ತುಳಿಯುವವರಂತೆ ಕುಣಿದೆ. ಪಕ್ಕದಲ್ಲಿ ನನಗಿಂತ ಹಿರಿಯ, ನನಗಿಂತ ದಪ್ಪ ಹೆಂಗಸರು ಈಜುವ ಎರಡು ತುಂಡು ಬಟ್ಟೆಯಲ್ಲಿ ಆರಾಮಾಗಿ ಮಲಗಿ, ಬೇಯಿಸಿದ ಮೆಕ್ಕೆಜೋಳ ತಿನ್ನುತ್ತಿದ್ದರು. ನಮ್ಮವರು ಧೋತರ ಉಟ್ಟು, ಟೋಪಿ ಹಾಕಿ, ಅವರತ್ತ ಬೆನ್ನು ಮಾಡಿ ನಿಂತಿದ್ದರು.

"ಯಾಕ ಹಂಗ ನಿಂತೀರಿ? ಸಮುದ್ರ ಈ ಕಡೆ ಐತಿ," ಎಂದೆ.

"ನನಗ ಡೋಂಗರ ನೋಡಬೇಕಾಗೈತಿ," ಎಂದರು.

ಗುಡ್ಡ ಇದ್ದದ್ದೂ ನಿಜ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮೋಡ ಹೊದ್ದ ಹಸಿರು ಗುಡ್ಡ, ನಡುವೆ ಊರು. ದಂಡೆಯುದ್ದಕ್ಕೂ ಗಾಜಿನ ಎತ್ತರದ ಹೋಟೆಲುಗಳು. ಒಂದು ಓಣಿ ಒಳಗೆ ಹೋದರೆ ಗಿಲಾವು ಉದುರಿದ ಹಳೆಯ ಸರಕಾರಿ ಕಟ್ಟಡಗಳು. ಹುಡುಗಿಯ ಮನೆ ಅಂಥದ್ದೊಂದರ ಐದನೆಯ ಮಹಡಿಯಲ್ಲಿ. ಈ ಮನೆಯ ಬಾಲ್ಕನಿಯಿಂದ ಎದುರಿನ ಕಂಬಕ್ಕೆ ಗಾಲಿ ಹಾಕಿ ಹಗ್ಗ ಎಳೆದಿದ್ದರು. ಒದ್ದೆ ಬಟ್ಟೆ ಸಿಕ್ಕಿಸಿ ಹಗ್ಗ ಜಗ್ಗಿದರೆ ಬಟ್ಟೆ ಓಣಿಯ ಮೇಲೆ ತಾನೇ ನಡೆದುಹೋಗುತ್ತದೆ. ಇವರ ಐದು ಗಜದ ಧೋತರ ಹಾಗೆ ಗಾಳಿಯಲ್ಲಿ ಹೋದಾಗ ಕೆಳಗಿನ ಅಂಗಡಿಯವ ಹೊರಗೆ ಬಂದು ನೋಡಿದ. ಲಿಫ್ಟು ಇತ್ತು, ಆದರೆ ಅದರೊಳಗೆ ಒಂದು ಡಬ್ಬಿ. ನಾಣ್ಯ ಹಾಕಿದರೆ ಮಾತ್ರ ಏರುತ್ತದೆ. "ದೇವರ ಹುಂಡಿಗೆ ಹಾಕಿದ್ರ ಮ್ಯಾಲ ಹೊಕ್ಕೀವಂತ ಕೇಳಿದ್ದೆ, ಇಲ್ಲಿ ಖರೇನ ಒಯ್ತಾರ," ಎಂದರು ಇವರು.

ಮೊದಲ ಮೂರು ದಿನ ಕ್ಯಾಲೆಂಡರಿನಲ್ಲಿ ನಾನು ಬರೆದದ್ದು: 'ಹಾಗೇ ಇದೆ', 'ಹಾಗೇ', 'ಬೆಳಗ್ಗೆ ಜಾಸ್ತಿ'. ಸಮುದ್ರದ ಪಕ್ಕ ಏಳು ಕಿಲೋಮೀಟರಿನಷ್ಟು ಉದ್ದದ ತಿರುಗಾಟದ ದಾರಿಯಿದೆ, ಮರಗಳು, ನೂರಾರು ಬೆಂಚು. ಇವರು ಪ್ರತಿ ಬೆಂಚಿಗೂ ಕೂಡುತ್ತಿದ್ದರು. ಕಿವಿಗೆ ಹಳದಿ ಬಿಲ್ಲೆ ಹೊಡೆದ ಬೀದಿ ನಾಯಿಯೊಂದು ನಮ್ಮ ಜೊತೆ ಬರುತ್ತಿತ್ತು. ಇವರು ಕೂತರೆ ಅದೂ ಕೂಡುತ್ತಿತ್ತು, ಬೇಸರ ಬಂದು ಮುಂದೆ ಹೋಗುತ್ತಿತ್ತು. ನನಗೆ ಸಿಟ್ಟು. ಇಷ್ಟು ದೂರ ಬಂದು, ಇಷ್ಟು ಒಳ್ಳೆಯ ಗಾಳಿ ಕುಡಿದು, ಎದೆಗೆ ಏನೂ ಆಗಲಿಲ್ಲವೆಂದರೆ ನನ್ನ ಕೈಯಲ್ಲಿ ಹಿಡಿಯಲು ಏನುಳಿಯಿತು?

ನಾಲ್ಕನೆಯ ದಿನ ಬೆಳಗ್ಗೆ ಹುಡುಗಿ ಕಾಲೇಜಿಗೆ ಹೋಗುವ ಮೊದಲು ನಾವು ಮಲಗುವ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತಳು. ಎರಡು ಸಲ ಮೂಗೆಳೆದಳು. ಬಗ್ಗಿ ಮಂಚದ ಕೆಳಗೆ ನೋಡಿದಳು.

"ದೊಡ್ಡವ್ವಾ, ಇದೇನಿದು?"

ಮಂಚದ ಕೆಳಗೆ ಹಳೆಯ ಪೇಪರಿನ ಮೇಲೆ ಎರಡು ಕಿಲೋ ಮೆಣಸಿನಕಾಯಿ ಅಂದವಾಗಿ ಹರಡಿತ್ತು. ಮನೆಯೊಡತಿ ದ್ರಾಕ್ಷಿ ಕೀಳುವ ಕಾಲವೆಂದು ತನ್ನ ಹಳ್ಳಿಗೆ ಹೋಗಿದ್ದಳು. ಆಕೆ ಬರುವವರೆಗೆ ಚೀಲ ಕಟ್ಟಿಟ್ಟರೆ ಸಮುದ್ರದ ಥಂಡಿಗೆ ಬೂಸ್ಟು ಹಿಡಿದೀತು ಎಂದು ಇವರೇ ಹರಡಿದ್ದರು. ಬಾಲ್ಕನಿಯಲ್ಲಿ ಮಳೆ. ಹಾಗಾಗಿ ಮಂಚದ ಕೆಳಗೆ. ದಿನಾ ಬೆಳಗ್ಗೆ ಎದ್ದವರೇ ಕೈಯಾಡಿಸಿ ತಿರುವಿ ಹಾಕಿ, ಒಂದು ಮುರಿದು ಮೂಸಿ ನೋಡುತ್ತಿದ್ದರು. ನಾನು ಪಕ್ಕದಲ್ಲೇ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಮೆಣಸಿನಕಾಯಿ ಹಸಿಯಾಗಬಾರದು ಎಂಬುದು ನಮಗಿಬ್ಬರಿಗೂ ಸ್ನಾನ ಮಾಡಬೇಕು ಎಂಬಷ್ಟೇ ಸಹಜ. ಅದರಲ್ಲಿ ವಿಚಾರ ಮಾಡಲು ಏನಿದೆ?

"ನೀವು ಸಮುದ್ರದ ಗಾಳಿ ಕುಡ್ಯಾಕ ಬಂದೀರೋ, ಇಲ್ಲೊಂದು ಯಾರ್ಡ್ ತಗ್ಯಾಕ ಬಂದೀರೋ?" ಹುಡುಗಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. "ದೊಡ್ಡಪ್ಪ ಬಿಡ್ರಿ, ಅವರ ರೂಢಿ. ದೊಡ್ಡವ್ವಾ, ನಿನಗರ ತಿಳೀಬಾರದಾ?"

"ಮಾಲು ಕೆಡ್ತಿತ್ತವಾ," ಎಂದರು ಇವರು, ಅಪರಾಧಿಯಂತಲ್ಲ, ಸಾಕ್ಷಿ ಹೇಳುವವರಂತೆ.

ತಪ್ಪು ನನ್ನದು ಮೊದಲು, ಅವರದ್ದು ಆಮೇಲೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಎಲ್ಲ ಬಳಿದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಹೊರಗಿನ ಕಪಾಟಿನಲ್ಲಿಟ್ಟೆ. ಹಾಸಿಗೆ ಬಟ್ಟೆ ಒಗೆದು ಗಾಲಿಯ ಹಗ್ಗಕ್ಕೆ ಹಾಕಿದೆ, ನೆಲ ಮೂರು ಸಲ ಒರೆಸಿದೆ. ಆ ಕೆಲಸ ಮಾಡುವಾಗಲೇ ನನಗೆ ಬೇರೊಂದು ಸ್ಪಷ್ಟವಾಯಿತು. ಈ ಮನುಷ್ಯನನ್ನು 'ಮೆಣಸಿನಕಾಯಿ ಬಿಡಿ' ಎಂದು ಹೇಳಿ ಬಿಡಿಸಲಾಗುವುದಿಲ್ಲ. ಸಮುದ್ರಗಳ ಆಚೆ ತಂದರೂ ಮಂಚದ ಕೆಳಗೆ ಯಾರ್ಡ್ ತೆರೆಯುತ್ತಾರೆ. ನಾನೇ ಅದಕ್ಕೆ ಚೀಲ ಕಟ್ಟಿಕೊಡುತ್ತೇನೆ. ಮೊದಲು ಬದಲಾಗಬೇಕಾದವಳು ನಾನು.

ಮನೆಯೊಡತಿ ಮರುದಿನ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಪಕ್ಕದ ಮನೆಯಲ್ಲೇ ವಾಸ, ಮೊಣಕಾಲಿಗೆ ಉಣ್ಣೆಯ ಪಟ್ಟಿ, ಕೂಗಿ ಮಾತಾಡುವ ರೂಢಿ. ಹುಡುಗಿಗೆ ಅವರ ಭಾಷೆ ಚೆನ್ನಾಗಿ ಬರುತ್ತಿತ್ತು. ಅವಳೇ ನಡುವೆ ನಿಂತು ಎರಡೂ ಕಡೆ ಹೇಳುತ್ತಿದ್ದಳು. ನಮ್ಮ ಕಾಯಿ ನೋಡಿ ಮುದುಕಿ ಎದೆಗೆ ಕೈ ಒತ್ತಿಕೊಂಡಳು. ಅವರಲ್ಲೂ ಕೆಂಪು ಮೆಣಸಿನಕಾಯಿ ಅರೆದು ಬೆಳ್ಳುಳ್ಳಿ ಹಾಕಿ ಚಟ್ನಿ ಮಾಡುತ್ತಾರೆ, ಬಾಯಿ ಸುಡುವಂಥದ್ದು. ಇಷ್ಟು ಕೆಂಪಿದ್ದರೆ ಪ್ರಾಣವೇ ಹೋದೀತು ಎಂದು ಆಕೆಯ ಲೆಕ್ಕ. ಇವರು ಒಂದು ಚೂರು ಮುರಿದು ಕೊಟ್ಟು, ತಿನ್ನು ಎಂದು ಸನ್ನೆ ಮಾಡಿದರು. ಆಕೆ ಕಣ್ಣು ಮುಚ್ಚಿ ಅಗಿದಳು, ಕಾದಳು, ಇನ್ನೂ ಕಾದಳು. ಆಮೇಲೆ ಕಣ್ಣು ತೆರೆದು ಏನೋ ಹೇಳಿ ತೊಡೆ ತಟ್ಟಿಕೊಂಡು ನಕ್ಕಳು.

"ಬಣ್ಣ ಹುಲೀದು, ಸ್ವಭಾವ ಆಕಳದ್ದು ಅಂತಾಳ್ರಿ ದೊಡ್ಡಪ್ಪ," ಎಂದಳು ಹುಡುಗಿ.

"ಹೌದು ಅಂತ ಹೇಳು. ನಮ್ಮ ಮಾಲೇ ಹಂಗ," ಎಂದರು ಇವರು. ಇಡೀ ಬಟುಮಿಯಲ್ಲಿ ಅವರ ಮುಖ ಅಷ್ಟು ಅರಳಿದ್ದು ಆಗ. ನನಗೆ ಸಂಕಟವೂ ಆಯಿತು. ಎದೆ ತಿನ್ನುವ ಕೆಲಸವೇ ಮುಖ ಅರಳಿಸುವ ಕೆಲಸವೂ ಆಗಿದ್ದರೆ ಹೆಂಡತಿ ಏನು ಮಾಡಬೇಕು?

ಕೋಣೆ ಸ್ವಚ್ಛವಾದ ಮೇಲೆ ಕ್ಯಾಲೆಂಡರಿನ ಚೌಕಗಳು ಬೇರೆಯಾದವು. 'ಬೆಳಗ್ಗೆ ಕೆಮ್ಮು ಒಂದೇ ಸಲ.' 'ಪಂಪು ಬೇಕಾಗಲಿಲ್ಲ.' 'ಎರಡು ಬೆಂಚು ಬಿಟ್ಟು ಮೂರನೆಯದಕ್ಕೆ ಕೂತರು.' ನಾಯಿಗೂ ಬೇಸರವಾಗಲಿಲ್ಲ. ದಾರಿಯ ಪಕ್ಕ ಮರದ ಕೆಳಗೆ ಮುದುಕರು ಹಲಗೆ ಇಟ್ಟುಕೊಂಡು ದಾಳ ಉರುಳಿಸಿ ಆಡುತ್ತಿದ್ದರು, ನಮ್ಮ ಪಗಡೆಯ ದಾಯಾದಿಯಂಥ ಆಟ. ಇವರು ಎರಡು ದಿನ ನಿಂತು ನೋಡಿದರು, ಮೂರನೆಯ ದಿನ ಒಬ್ಬ ಜಾಗ ಬಿಟ್ಟುಕೊಟ್ಟ. ಭಾಷೆಯಿಲ್ಲದೆ ಆಡಿದರು, ಭಾಷೆಯಿಲ್ಲದೆ ಜಗಳವಾಡಿದರು. "ಏ, ಇದು ಮೋಸ ಐತಿ ನೋಡಪಾ, ಆರು ಬಿದ್ದಿಲ್ಲ!" ಎಂದು ಇವರು ಕೂಗಿದರೆ ಆ ಮುದುಕ ತನ್ನ ಭಾಷೆಯಲ್ಲಿ ಅದೇ ಏರಿನಲ್ಲಿ ಕೂಗಿದ. ಕೂಗಿದ ಮೇಲೂ ಇವರಿಗೆ ಕೆಮ್ಮು ಬರಲಿಲ್ಲ. ಅದನ್ನೂ ಬರೆದೆ.

ಒಂದು ಮಧ್ಯಾಹ್ನ ಮನೆಯೊಡತಿ ನಮ್ಮನ್ನೂ ಹುಡುಗಿಯನ್ನೂ ಬಸ್ಸಿನಲ್ಲಿ ಸ್ವಲ್ಪ ದೂರದ ಇನ್ನೊಂದು ದಂಡೆಗೆ ಕರೆದುಕೊಂಡು ಹೋದಳು. ಪೈನ್ ಮರಗಳ ನಡುವೆ ಒಂದು ಮುರುಕು ಕಟ್ಟಡ. ದೊಡ್ಡ ದೊಡ್ಡ ಕಂಬ, ಕಿಟಕಿಗಳಿಗೆ ಗಾಜಿಲ್ಲ, ಮೇಲಿನ ಬಾಲ್ಕನಿಯಲ್ಲಿ ಅಂಜೂರದ ಗಿಡ ಬೆಳೆದಿತ್ತು. ಸೋವಿಯತ್ ಕಾಲದಲ್ಲಿ ಅದು ಕೆಲಸಗಾರರ ಆರೋಗ್ಯಧಾಮ. ಆಕೆ ತನ್ನ ಹರೆಯದಲ್ಲಿ ಅಲ್ಲಿ ಆಯಾ ಆಗಿದ್ದಳಂತೆ. ಗಣಿಯವರು, ಗಿರಣಿಯವರು, ಸಿಮೆಂಟಿನವರು ಚೀಟಿ ಹಿಡಿದು ಬಂದು ಮೂರು ವಾರಕ್ಕೂ ಹೆಚ್ಚು ಇರುತ್ತಿದ್ದರು. ಊಟಕ್ಕೆ ಗಂಟೆ, ನಿದ್ದೆಗೆ ಗಂಟೆ. ಮರಗಳ ನಡುವೆ ಅಳತೆಯ ದಾರಿ ಮಾಡಿ ಕಲ್ಲಿಗೆ ಬಣ್ಣ ಬಳಿದಿದ್ದರು. ಈ ಎದೆಯವರು ಮೊದಲ ಕಲ್ಲಿನವರೆಗೆ, ಆ ಎದೆಯವರು ಎರಡನೆಯದಕ್ಕೆ. ಈಕೆ ಕೈಗಡಿಯಾರ ನೋಡುತ್ತ ಹಿಂದೆ ನಡೆಯುವುದು. ಬಂದಾಗ ಬೂದಿ ಬಣ್ಣದ ಮುಖ, ಹೋಗುವಾಗ ಕೆಂಪು ಮುಖ ಎಂದು ಆಕೆ ಎರಡೂ ಕೆನ್ನೆ ಉಬ್ಬಿಸಿ ತೋರಿಸಿದಳು.

ಇವರು ಕಂಬ ಮುಟ್ಟಿ ನೋಡುತ್ತ ಆಚೆ ಹೋಗಿದ್ದರು. ನಾನು ಹುಡುಗಿಗೆ ಹೇಳಿದೆ: "ಆಕಿನ್ನ ಕೇಳು. ಹೊಳ್ಳಿ ಹೋದ ಮ್ಯಾಲ ಅವ್ರೆಲ್ಲಾ ಏನು ಮಾಡ್ತಿದ್ರು?"

ಮುದುಕಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಭುಜ ಹಾರಿಸಿದಳು. ಹುಡುಗಿ ಮೆಲ್ಲಗೆ ಹೇಳಿದಳು: "ಹೊಳ್ಳಿ ಗಣಿಗೇ ಹೊಕ್ಕಿದ್ರಂತ ದೊಡ್ಡವ್ವ. ಮತ್ತ ಬರೂ ವರ್ಷ ಬರ್ತಿದ್ರಂತ. ಕೆಲವ್ರು ಬರ್ತಿದ್ದಿಲ್ಲಂತ."

ಕೆಲವರು ಬರುತ್ತಿರಲಿಲ್ಲ. ಅಂಜೂರದ ಗಿಡವನ್ನೇ ನೋಡುತ್ತ ನಿಂತೆ. ಗಾಳಿ ಬದಲಿಸಿ ಕಳಿಸಿದರು, ಎದೆ ತುಂಬಿಕೊಂಡು ಹೋದರು, ತುಂಬಿಕೊಂಡದ್ದನ್ನು ಅದೇ ಗಣಿಗೆ ಸುರಿದರು. ನಾನು ಮಾಡಹೊರಟಿದ್ದೂ ಅದೇ ಅಲ್ಲವೇ? ಎರಡು ವಾರದ ಗಾಳಿ ಕುಡಿಸಿ, ಮುಖ ಕೆಂಪಾಗಿಸಿ, ಊರು ಮುಟ್ಟಿದ ಮೇಲಿನ ಮೊದಲ ಪೇಟೆಯ ದಿನಕ್ಕೇ ತಿರುಗಿ ಚೀಲದ ಬಾಯಿಗೆ ಒಪ್ಪಿಸುವುದು.

ಅಲ್ಲಿಂದ ಬಂದ ಎರಡನೆಯ ದಿನ. ಸಂತೆಯಿಂದ ಟೊಮೆಟೊ, ಬದನೆಕಾಯಿ ಹಿಡಿದು ನಾವಿಬ್ಬರೇ ಮನೆಗೆ ಬಂದಾಗ ಲಿಫ್ಟಿಗೆ ಹಾಕಲು ಇಬ್ಬರ ಬಳಿಯೂ ಚಿಲ್ಲರೆ ಇಲ್ಲ. ಹುಡುಗಿ ಕಾಲೇಜಿನಲ್ಲಿ. "ಕುಂದ್ರೂಣು, ಯಾರರ ಬಂದಾರು," ಎಂದೆ. ಇವರು ಚೀಲ ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತತೊಡಗಿದರು. ನಾನು ಹಿಂದೆ. ಒಂದನೆಯ ಮಹಡಿ, ಎರಡನೆಯದು, ಮೂರು. ಮೂರನೆಯದರಲ್ಲಿ ನಿಂತರು, ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದರು. ಮತ್ತೆ ಹತ್ತಿದರು. ಐದನೆಯದರಲ್ಲಿ ಬಾಗಿಲ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಾಗ ಉಸಿರು ಜೋರಾಗಿತ್ತು, ಎದೆಯಲ್ಲಿ ಎಂದಿನ ಸಿಳ್ಳೆ ಇರಲಿಲ್ಲ.

"ನೋಡಿದ್ಯಾ? ಬರೋಬರಿ ಆಗೇನಿ," ಎಂದರು. "ಇನ್ನ ಡಾಕ್ಟರಿಗೆ ಹೇಳು, ನಮ್ಮ ಎದಿ ಗಟ್ಟಿ ಐತಿ ಅಂತ."

ನಾನು ಟೊಮೆಟೊ ಚೀಲ ಕೆಳಗಿಟ್ಟೆ. "ಕುಂದ್ರಿ. ಒಂದು ಮಾತು ಹೇಳತೇನಿ, ನಗಬಾರದು."

"ನಗಂಗಿಲ್ಲ."

"ನಾ ಬ್ಯಾಡಗಿಗೆ ಹೊಳ್ಳಿ ಬರಂಗಿಲ್ಲ."

ನಕ್ಕರು. "ಇಲ್ಲೇ ಇರ್ತೀ ಏನು? ಆ ದಂಡೀ ಮುದುಕ್ಯಾರ ಕೂಡ ಮೆಕ್ಕಿಜ್ವಾಳ ತಿಂದಕೋಂತ, ತುಂಡು ಅರಿವಿ ಹಾಕ್ಕೊಂಡು?"

"ರಾಣೇಬೆನ್ನೂರಾಗ ಇಳಿತೇನಿ. ತಂಗೀ ಮನಿ ಮ್ಯಾಲಿನ ಎರಡು ಖೋಲಿ ಖಾಲಿ ಅದಾವ. ನಿನ್ನೆ ಫೋನ್ ಮಾಡಿ ಕೇಳೇನಿ. ಬಾಡಿಗಿ ಕೊಟ್ಟ ಇರೂದು, ಪುಕ್ಕಟೆ ಅಲ್ಲ. ಬ್ಯಾಡಗಿ ಮನಿ ಯಾರಿಗರ ಕೊಡ್ರಿ, ಬಿಡ್ರಿ. ಆ ಯಾರ್ಡಿನ ಗಾಳಿ ನಮ್ಮ ಪಡಸಾಲಿಗೇ ಬರತೈತಿ. ಅಲ್ಲಿ ನಿಮಗ ರೊಟ್ಟಿ ಬಡಿಯಾಕ ನನ್ನ ಕೈಲೆ ಆಗಂಗಿಲ್ಲ."

"ಜನ ಏನಂತಾರ?"

"ಏನರ ಅನ್ಲಿ. ಜನ ಉಸುರು ಕೊಡಂಗಿಲ್ಲ."

ಕ್ಯಾಲೆಂಡರಿನ ಹಾಳೆಯನ್ನು ಮುಂದಿಟ್ಟೆ. ಮೊದಲ ಮೂರು ಚೌಕ ಒಂದು ಕಡೆ, ಉಳಿದವು ಒಂದು ಕಡೆ. ಕನ್ನಡಕ ಹಾಕಿಕೊಂಡು ಓದಿದರು. ಓದಿ ಮಡಿಸಿ ವಾಪಸು ಕೊಟ್ಟು, "ಅಕ್ಷರ ಚಂದ ಅದಾವ," ಎಂದಷ್ಟೇ ಹೇಳಿ ಬಾಲ್ಕನಿಗೆ ಹೋದರು. ಇವಳು ಹೇಳುತ್ತಾಳೆ, ಮಾಡುವುದಿಲ್ಲ ಎಂದು ಅವರ ಎಣಿಕೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಎಣಿಕೆಗೆ ಆಧಾರವೂ ಇತ್ತು.

ಹೊರಡುವ ದಿನ ಮನೆಯೊಡತಿ ದೋಣಿಯಾಕಾರದ ಚೀಸ್ ರೊಟ್ಟಿ ಮಾಡಿ ತಂದಳು. ಅದರ ನಡುವೆ ಹಸಿ ತತ್ತಿ ಒಡೆದು ಹಾಕುವುದು ಅಲ್ಲಿನ ಪದ್ಧತಿ. ನಾವು ತತ್ತಿ ತಿನ್ನುವುದಿಲ್ಲವೆಂದು ತಿಳಿದು ಆ ಜಾಗದಲ್ಲಿ ಒಂದು ತುಂಡು ಬೆಣ್ಣೆ ಇಟ್ಟಿದ್ದಳು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಇವರಿಗೆ ದೂರದಿಂದ ಎದೆ ಉಬ್ಬಿಸಿ ತೋರಿಸಿ, 'ಹೀಗೇ ಇರು' ಎಂದು ಸನ್ನೆ ಮಾಡಿದಳು.

ಬೆಂಗಳೂರಿನಿಂದ ಬೆಳಗಿನ ಹುಬ್ಬಳ್ಳಿ ರೈಲು. ಟಿಕೆಟ್ಟು ಬ್ಯಾಡಗಿಯವರೆಗೆ. ಹರಿಹರ ದಾಟಿ ತುಂಗಭದ್ರೆಯ ಸೇತುವೆ ಬಂದಾಗ ನಾನು ಮೇಲಿನ ಚೀಲಗಳನ್ನು ಇಳಿಸಿದೆ. ನನ್ನದು ಬೇರೆ, ಅವರದು ಬೇರೆ ಮಾಡಿದೆ. ಅವರ ಚೀಲದ ಮೇಲೆ ಪಂಪು, ಗುಳಿಗೆ ಇಟ್ಟೆ.

"ಏನು ನಾಟಕ ಹಚ್ಚೀದಿ," ಎಂದರು. ಎದುರಿಗೆ ಕೂತ ದಂಪತಿ ನಮ್ಮನ್ನು ನೋಡುತ್ತಿದ್ದರು.

"ನಾಟಕಲ್ರಿ. ಬರ್ರಿ, ಇಳಿಯೂಣು."

"ನಾಡ್ದು ಪ್ಯಾಟಿ ಐತಿ. ಕೋಲ್ಡ್ ಸ್ಟೋರೇಜಿನ ಹಳೀ ಮಾಲು ಬರತೈತಿ, ಅದನ್ನ ನೋಡವ್ರು ಇಲ್ಲ ಅಲ್ಲಿ. ನೀ ಎರಡು ದಿನ ತಂಗೀ ಮನ್ಯಾಗ ಇದ್ದು ಬಾ. ಹೋಗು."

ರಾಣೇಬೆನ್ನೂರಿನಲ್ಲಿ ರೈಲು ನಿಂತಿತು. ನಾನು ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಚೀಲ ಹಿಡಿದು ಅವರ ಕಿಟಕಿಯ ಎದುರಿಗೇ ನಿಂತೆ. ಅವರು ಮುಖ ಮುಂದಕ್ಕೆ ಮಾಡಿ ಕೂತಿದ್ದರು. ಚೀಲವನ್ನು ಎರಡೂ ಕೈಯಲ್ಲಿ ಹಿಡಿದೆ. ಹೋಗಿ ಹತ್ತಿಬಿಡಬಹುದಿತ್ತು, ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು. ರೈಲು ಕದಲಿತು. ಅವರು ಆಗ ತಿರುಗಿ ನೋಡಿದರು. ಇವಳು ನಿಜವಾಗಿ ಇಳಿದಳು ಎಂಬುದು ಆ ಕ್ಷಣಕ್ಕೆ ಅವರಿಗೆ ನಂಬಿಕೆಯಾಯಿತು ಎಂದು ಕಾಣುತ್ತದೆ. ರೈಲು ಹೋಯಿತು.

ತಂಗಿ ಅತ್ತಳು. "ಈ ವಯಸ್ಸಿನಾಗ ಇದೇನಕ್ಕಾ? ಭಾವಾರಿಗೆ ಊಟ ಯಾರು ಹಾಕ್ತಾರ?" ಎಂದಳು. ಖಾನಾವಳಿ ಇದೆ ಎಂದೆ. ಬಿರುಸಾಗಿ ಹೇಳಿದೆ, ಆದರೆ ನನಗೇ ಅನ್ನ ಇಳಿಯಲಿಲ್ಲ. ದಿನಾ ಎರಡು ಹೊತ್ತು ಫೋನು ಮಾಡಿದೆ. ಗುಳಿಗೆ ತೆಗೆದುಕೊಂಡಿರಾ, ಬಿಸಿನೀರು ಕುಡಿದಿರಾ ಎಂದು ಕೇಳಿದೆ. ಬಾ ಎಂದು ಅವರು ಅನ್ನಲಿಲ್ಲ, ಬನ್ನಿ ಎಂದು ನಾನೂ ಅನ್ನಲಿಲ್ಲ. ಮೇಲಿನ ಎರಡು ಕೋಣೆಗೆ ಸುಣ್ಣ ಹೊಡೆಸಿದೆ. ಗುರುವಾರದ ಪೇಟೆ ಆಯಿತು. ಆ ಸಂಜೆ ಫೋನಿನಲ್ಲಿ ಮಾತಿನ ನಡುವೆ ಸಿಳ್ಳೆ ಕೇಳಿಸಿತು. ನಾನು ಕೇಳಿಸಿತೆಂದು ಹೇಳಲಿಲ್ಲ. ಸೋಮವಾರದ ಪೇಟೆಯೂ ಆಯಿತು. ಆ ದಿನ ಅವರು ಫೋನು ಎತ್ತಲಿಲ್ಲ. ಎತ್ತಿದರೆ ಸಿಳ್ಳೆ ನನಗೆ ಕೇಳುತ್ತದೆ ಎಂದು.

ಮಂಗಳವಾರ ಬೆಳಗ್ಗೆ ಹತ್ತರ ಸುಮಾರಿಗೆ ಬಂದರು. ತಂಗಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಬಗ್ಗಿ ಉಸಿರೆಳೆಯುತ್ತಿದ್ದರು. ಕೈಯಲ್ಲಿ ಒಂದೇ ಚೀಲ. ನಾನು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತೆ. ನೀರು ಕುಡಿದು ಲೋಟ ಕೆಳಗಿಟ್ಟರು.

"ಬಟುಮ್ಯಾಗ ಐದು ಮಾಳಿಗಿ ಹತ್ತಿದ್ದೆ," ಎಂದರು ಕಡೆಗೆ. "ನಿನ್ನೆ ಯಾರ್ಡಿನಾಗ ಮೂರನೇ ಚೀಲಕ್ಕ ಕಣ್ಣು ಕತ್ತಲಿ ಬಂತು. ಹಮಾಲ ಹಿಡ್ಕೊಂಡ."

"ಉಂಡೀರೇನು?"

"ಇಲ್ಲ."

"ಏಳ್ರಿ."

ಈಗ ಅವರು ರಾಣೇಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೂಡುತ್ತಾರೆ. ಈ ಊರಿನಲ್ಲಿ ಬೀಜದ ಅಂಗಡಿಗಳಿಗೇನು ಬರವೇ? ಕಾಯಿ ಬಲ್ಲವನಿಗೆ ಬೀಜವೂ ಗೊತ್ತು ಎಂದು ಅಂಗಡಿಯವರು ಕರೆದರು. ಕುಪ್ಪೇಲೂರು ಕಡೆಯ ರೈತರು ಬಂದು ಯಾವ ತಳಿ ಹಾಕಲಿ ಎಂದು ಕೇಳುತ್ತಾರೆ. ಇವರು ಅವರ ಹೊಲದ ಮಣ್ಣು, ನೀರು ಕೇಳಿ ಹೇಳುತ್ತಾರೆ. ಮುಚ್ಚಿದ ಪಾಕೀಟು, ಧೂಳಿಲ್ಲ. ಮುಖ ಬ್ಯಾಡಗಿಯಲ್ಲಿ ಅರಳುತ್ತಿದ್ದಷ್ಟು ಅರಳುತ್ತದೆಯೇ ಎಂದರೆ ಇಲ್ಲ. ಮೊದಲ ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ, ತಂಗಿಯ ಮನೆಯ ನಲ್ಲಿ ಸೋರುತ್ತದೆ, ರೈಲಿನ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ದಿನಕ್ಕೊಂದು. ನಾನು ಎಲ್ಲಕ್ಕೂ ಹೂಂ ಎಂದೆ. ಬೈಯಲು ಉಸಿರಿದೆಯಲ್ಲ, ಬೈಯಲಿ.

ಜನವರಿಯಲ್ಲಿ ಹೊಸ ಮಾಲಿನ ಹಂಗಾಮು ಶುರುವಾಯಿತು. ಒಂದು ಬೆಳಗ್ಗೆ ಅವರ ಹಳೆಯ ದಲಾಲಿ ಅಂಗಡಿಯಿಂದ ಫೋನು ಬಂತು. ನಾನು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದೆ; ಕೈ ಹಿಟ್ಟಿನಲ್ಲೇ ನಿಂತಿತು. ಆ ಕಡೆಯ ದನಿ ದೊಡ್ಡದು, ನನಗೂ ಕೇಳುತ್ತಿತ್ತು: "ಡಬ್ಬಿ ಕಾಯಿ ಬಂದೈತ್ರಿ, ನಂಬರ್ ಒನ್. ಎರಡು ದಿನ ಬಂದು ನೋಡಿಕೊಟ್ಟು ಹೋಗ್ರಿ, ಕಾರು ಕಳಸ್ತೇವಿ."

ಇವರು ಕಿಟಕಿಯ ಹತ್ತಿರ ಹೋಗಿ ನಿಂತರು. ನನ್ನ ಕಡೆ ನೋಡಲಿಲ್ಲ.

"ಬರಂಗಿಲ್ರಿ," ಎಂದರು. "ಬೇಕಾದ್ರ ಫೋಟೋ ಕಳಸ್ರಿ, ಬಣ್ಣ ಹೇಳತೇನಿ. ವಾಸನಿ ನೀವ ತಗೋರಿ."